ಮಂಕಾದ ಹೆಡ್‌ಲೈಟ್ ಗ್ಲಾಸನ್ನು ಮನೆಯಲ್ಲೇ ತಿಳಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಡ್‌ಲೈಟ್ ಹಳದಿಯಾಗಿದೆ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. ಟೂತ್‌ಪೇಸ್ಟ್ ಸಾಕಾ, ಯಾವ ನಂಬರ್ ಸ್ಯಾಂಡ್‌ಪೇಪರ್ ಬೇಕು, ಮತ್ತೆ ಹಳದಿ ಆಗುತ್ತಾ. ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ: ಉಜ್ಜಿ ತಿಳಿ ಮಾಡುವುದು ಅರ್ಧ ಕೆಲಸ ಅಷ್ಟೇ. ಬಿಸಿಲು ತಡೆಯುವ ಕೋಟಿಂಗ್ ಹಾಕುವುದು ಉಳಿದ ಅರ್ಧ, ಮತ್ತು ಹೆಚ್ಚಿನವರು ಬಿಡುವುದು ಅದನ್ನೇ.

ಹೆಡ್‌ಲೈಟ್ ಗ್ಲಾಸ್ ಹಳದಿ ಆಗೋದು ಯಾಕೆ?

ಗ್ಲಾಸ್ ಅಂತ ಕರೆದರೂ ಅದು ಗಾಜಲ್ಲ. ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಕಲ್ಲು ಹೊಡೆದರೂ ಸುಲಭಕ್ಕೆ ಒಡೆಯುವುದಿಲ್ಲ, ಹಗುರ, ಯಾವ ಆಕಾರಕ್ಕೆ ಬೇಕಾದರೂ ಅಚ್ಚು ಹಾಕಬಹುದು. ಆದರೆ ಎರಡು ದೌರ್ಬಲ್ಯ ಇದೆ. ಬೇಗ ಗೀರು ಬೀಳುತ್ತದೆ, ಮತ್ತು ಬಿಸಿಲಿನಲ್ಲಿರುವ ಯುವಿ ಕಿರಣಕ್ಕೆ ಹಳದಿ ತಿರುಗುತ್ತದೆ. ಅದಕ್ಕೇ ಫ್ಯಾಕ್ಟರಿಯಲ್ಲೇ ಮೇಲೊಂದು ತೆಳುವಾದ ಗಟ್ಟಿ ಕೋಟಿಂಗ್ ಹಾಕಿ ಕಳಿಸುತ್ತಾರೆ.

ಆ ಕೋಟಿಂಗ್ ಇರುವವರೆಗೆ ತೊಂದರೆ ಇಲ್ಲ. ವರ್ಷಗಟ್ಟಲೆ ಬಿಸಿಲು, ಧೂಳು, ಸಣ್ಣ ಕಲ್ಲಿನ ಏಟು, ಕಾರು ತೊಳೆಯುವ ಖಾರದ ಕೆಮಿಕಲ್ಲು, ಇವೆಲ್ಲ ಸೇರಿ ಅದನ್ನು ತಿನ್ನುತ್ತವೆ. ಮೊದಲು ಮಬ್ಬಾಗುತ್ತದೆ, ಆಮೇಲೆ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಲ್ಲಿಂದ ಮುಂದೆ ಬಿಸಿಲು ನೇರವಾಗಿ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ, ಹಳದಿ ಬಣ್ಣ ಬೇಗ ಬೇಗ ಏರುತ್ತದೆ. ನಿಮ್ಮ ಹೆಡ್‌ಲೈಟಿನ ಮೇಲ್ಭಾಗ ಜಾಸ್ತಿ ಹಾಳಾಗಿ ಕೆಳಭಾಗ ಸುಮಾರಾಗಿ ಚೆನ್ನಾಗಿದೆಯಾ? ಆಕಾಶ ನೋಡುವ ಭಾಗಕ್ಕೆ ಬಿಸಿಲು ಜಾಸ್ತಿ, ಅದಕ್ಕೇ ಹಾಗೆ.

ಹಳೇ ಕಾಲದ ಕಾರುಗಳಿಗೆ ಈ ಕಾಟ ಇರಲಿಲ್ಲವಲ್ಲ?

ಇರಲಿಲ್ಲ, ಯಾಕೆಂದರೆ ಅವು ನಿಜವಾದ ಗಾಜಿನವು. ಅಮೆರಿಕದಲ್ಲಂತೂ ದಶಕಗಟ್ಟಲೆ ಬಲ್ಬು, ಗಾಜು, ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿಯಂಥ ರಿಫ್ಲೆಕ್ಟರ್ ಎಲ್ಲ ಒಂದೇ ತುಂಡಾಗಿರುವ ಸೀಲ್ಡ್ ಬೀಮ್ ದೀಪವನ್ನೇ ಹಾಕಬೇಕು ಅಂತ ನಿಯಮ ಇತ್ತು. 1983ರಲ್ಲಿ ಅದು ಸಡಿಲವಾಯಿತು. ಬಲ್ಬು ಬದಲಾಯಿಸಬಹುದಾದ ಹೊಸ ಬಗೆಯ ಹೆಡ್‌ಲೈಟ್ 1984ರ ಲಿಂಕನ್ ಮಾರ್ಕ್ 7 ಕಾರಿನಲ್ಲಿ ಬಂತು. ಆಮೇಲೆ ಎಲ್ಲರೂ ಪ್ಲಾಸ್ಟಿಕ್ ಹಿಡಿದರು.

ನೋಡೋಕೆ ಚೆನ್ನಾಗಿಲ್ಲ ಅನ್ನೋದು ಬಿಟ್ಟರೆ ಬೇರೆ ತೊಂದರೆ ಏನು?

ರಾತ್ರಿ ರಸ್ತೆ ಕಾಣುವುದಿಲ್ಲ, ಅದೇ ತೊಂದರೆ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2018ರಲ್ಲಿ ಅಳತೆ ಮಾಡಿ ಹೇಳಿದ್ದು, ಚೆನ್ನಾಗಿ ಮಂಕಾದ ಹೆಡ್‌ಲೈಟ್ ಹೊಸದರ ಬೆಳಕಿನಲ್ಲಿ ಸುಮಾರು ಶೇ 20ರಷ್ಟನ್ನು ಮಾತ್ರ ಕೊಡುತ್ತದೆ ಅಂತ. ಉಜ್ಜಿ ಸರಿ ಮಾಡಿದ ಮೇಲೆ ಅದು ಸುಮಾರು ಶೇ 70ರವರೆಗೆ ವಾಪಸ್ ಬಂತು. ಒಂದು ಮಧ್ಯಾಹ್ನದ ಕೆಲಸಕ್ಕೆ ಇದು ದೊಡ್ಡ ಲಾಭ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಮಂಕು ಪದರ ಬೆಳಕನ್ನು ಬರೀ ತಡೆಯುವುದಿಲ್ಲ, ಚೆದುರಿಸುತ್ತದೆ ಕೂಡ. ರಸ್ತೆ ಮೇಲೆ ಬೀಳಬೇಕಾದ ಬೆಳಕು ಅಡ್ಡಾದಿಡ್ಡಿ ಹರಡಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ನಿಮಗೂ ಕಾಣಲ್ಲ, ಅವರಿಗೂ ಕಾಣಲ್ಲ. ಹಾಗಾಗಿ ಇದನ್ನು ಚಂದದ ಕೆಲಸ ಅಂತ ಮುಂದಕ್ಕೆ ಹಾಕಬೇಡಿ.

ಮಂಕು ಹೊರಗಿದೆಯೋ ಒಳಗಿದೆಯೋ ಗೊತ್ತಾಗೋದು ಹೇಗೆ?

ಸ್ವಲ್ಪ ನೀರು ಚಿಮುಕಿಸಿ ನೋಡಿ. ಒದ್ದೆ ಇರುವಷ್ಟು ಹೊತ್ತು ಗ್ಲಾಸ್ ತಿಳಿಯಾಗಿ ಕಂಡು, ಒಣಗಿದ ತಕ್ಷಣ ಮತ್ತೆ ಮಬ್ಬಾದರೆ ತೊಂದರೆ ಹೊರಗಡೆಯದು. ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು ತುಂಬಿಕೊಂಡು ಮೇಲ್ಮೈ ಒಂದೇ ಸಮ ಆಗುವುದರಿಂದ ಹಾಗೆ ಕಾಣುತ್ತದೆ. ಅಂಥದ್ದನ್ನು ಉಜ್ಜಿ ಸರಿ ಮಾಡಬಹುದು. ಬೆರಳು ಸವರಿದರೂ ತರಿತರಿ ಸಿಗುತ್ತದೆ.

ಒದ್ದೆ ಮಾಡಿದರೂ ಏನೂ ಬದಲಾಗದಿದ್ದರೆ, ಹೊರಗೆ ಕೈಗೆ ನುಣುಪಾಗಿಯೇ ಇದ್ದರೆ, ಮಂಕು ಒಳಮೈಯಲ್ಲಿದೆ ಅಥವಾ ಪ್ಲಾಸ್ಟಿಕ್ಕಿನ ಆಳದಲ್ಲಿ ಬಿರುಕಿದೆ. ಅದಕ್ಕೆ ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಕೆಲಸ ಶುರು ಮಾಡುವ ಮುಂಚೆ ಈ ಪರೀಕ್ಷೆಯನ್ನು ಮಾಡಲೇಬೇಕು.

ಒಳಗೆ ಹಬೆ ಕಟ್ಟಿದೆ, ನೀರಿನ ಹನಿ ಕಾಣ್ತಿದೆ. ಏನು ಮಾಡೋದು?

ಮಳೆ ಬಂದಾಗ ಅಥವಾ ತೊಳೆದಾಗ ತೆಳುವಾಗಿ ಹಬೆ ಕಟ್ಟಿ, ಲೈಟ್ ಹಾಕಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಹೋದರೆ ಚಿಂತೆ ಬೇಡ. ಹೆಡ್‌ಲೈಟಿಗೆ ಗಾಳಿಯಾಡುವ ಸಣ್ಣ ತೂತುಗಳಿರುತ್ತವೆ, ಹೀಗಾಗುವುದು ಸಹಜ. ಹನಿ ಹನಿಯಾಗಿ ನಿಂತು ದಿನಗಟ್ಟಲೆ ಹೋಗದಿದ್ದರೆ ಮಾತ್ರ ಎಲ್ಲೋ ಸೀಲ್ ಬಿಟ್ಟಿದೆ, ಅಥವಾ ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಮೊದಲು ಆ ಮುಚ್ಚಳ ನೋಡಿ. ಬಲ್ಬು ಬದಲಾಯಿಸಿದ ಮೇಲೆ ಶುರುವಾದ ಹಬೆಗೆ ಹೆಚ್ಚಾಗಿ ಅದೇ ಕಾರಣ.

ಒಳಗಡೆ ಒರೆಸಲು ಗ್ಲಾಸ್ ಬಿಚ್ಚುವುದು ಬೇರೆಯೇ ಕೆಲಸ. ಬಿಸಿ ಮಾಡಿ ಅಂಟು ಮೆತ್ತಗೆ ಮಾಡಿ ಬಿಡಿಸಬೇಕು, ಮತ್ತೆ ಹೊಸ ಸೀಲ್ ಹಾಕಬೇಕು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ.

ಟೂತ್‌ಪೇಸ್ಟ್ ಹಚ್ಚಿದರೆ ಆಗುತ್ತೆ ಅಂತಾರೆ. ನಿಜಾನಾ?

ಸ್ವಲ್ಪ ನಿಜ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲು ನಯವಾದ ಪುಡಿ ಇರುತ್ತದೆ, ಅದು ಬಹಳ ಮೆದುವಾದ ಪಾಲಿಶ್ ಥರ ಕೆಲಸ ಮಾಡುತ್ತದೆ. ಮೇಲೆ ಮೇಲೆ ಮಬ್ಬಾಗಿದ್ದರೆ ವ್ಯತ್ಯಾಸ ಕಾಣುತ್ತದೆ. ಹಳದಿ ಚೆನ್ನಾಗಿ ಕೂತಿದ್ದರೆ, ಕೋಟಿಂಗ್ ಎದ್ದಿದ್ದರೆ, ಅದರ ಕೈಲಿ ಆಗುವುದಿಲ್ಲ. ಜೊತೆಗೆ ಅದು ಉಳಿದಿರುವ ಕೋಟಿಂಗನ್ನೂ ಸವೆಸುತ್ತದೆ, ಬದಲಿಗೆ ಏನನ್ನೂ ಹಾಕುವುದಿಲ್ಲ. ಕೆಲವೇ ವಾರಗಳಲ್ಲಿ ಮತ್ತೆ ಮಂಕಾಗುವುದು ಅದಕ್ಕೇ.

ನಾಳೆ ರಾತ್ರಿ ದೂರ ಹೋಗಲೇಬೇಕು, ಬೇರೇನೂ ಕೈಗೆ ಸಿಗುತ್ತಿಲ್ಲ ಅಂದರೆ ಹಚ್ಚಿ. ಅಷ್ಟರಮಟ್ಟಿಗೆ ಸರಿ.

ಮೈಗೆ ಹಚ್ಚುವ ಸೊಳ್ಳೆ ಸ್ಪ್ರೇ, ಡಬ್ಲ್ಯುಡಿ-40, ಪೆಟ್ರೋಲ್, ಥಿನ್ನರ್?

ಮೈಗೆ ಹಚ್ಚುವ ಸೊಳ್ಳೆ ಔಷಧಿಯಲ್ಲಿ ಡೀಟ್ ಅನ್ನುವ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮೇಲ್ಮೈ ಸ್ವಲ್ಪ ಕರಗಿ ಹರಡಿದಾಗ ಪಳಪಳ ಅನ್ನುತ್ತದೆ, ವಿಡಿಯೋದಲ್ಲಿ ನೋಡಲು ಚೆನ್ನಾಗಿರುತ್ತದೆ. ಆಮೇಲೆ ಅಂಟಂಟಾಗಿ ಧೂಳು ಹಿಡಿದು ಮುಂಚಿಗಿಂತ ಕೆಟ್ಟದಾಗುತ್ತದೆ. ಪಕ್ಕದ ಪೇಂಟ್ ಮೇಲೆ ಬಿದ್ದರೆ ಅದೂ ಹಾಳು.

ತುಕ್ಕು ಬಿಡಿಸಲು ಹೊಡೆಯುವ ಡಬ್ಲ್ಯುಡಿ-40 ಸ್ಪ್ರೇ ಎಣ್ಣೆಯ ಪದರ ಬಿಡುತ್ತದೆ, ನೀರು ಹಾಕಿದಾಗ ತಿಳಿ ಕಂಡಂತೆಯೇ ಇದೂ. ಒಂದು ಮಳೆಗೆ ತೊಳೆದು ಹೋಗುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್ ಮಾತ್ರ ಹತ್ತಿರವೂ ತರಬೇಡಿ. ಪಾಲಿಕಾರ್ಬೊನೇಟ್‌ಗೆ ಇವು ತಗುಲಿದರೆ ಒಳಗೆ ಜೇಡರ ಬಲೆಯಂತೆ ಕೂದಲೆಳೆ ಬಿರುಕು ಬಿಡಬಹುದು, ಅದನ್ನು ಆಮೇಲೆ ಯಾರಿಂದಲೂ ಸರಿ ಮಾಡಲು ಆಗುವುದಿಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸುವುದೂ ಸುಮ್ನೆ. ನೊರೆ ಬರುತ್ತದೆ, ಒಂದನ್ನೊಂದು ಕಳೆದುಕೊಳ್ಳುತ್ತವೆ, ಅಷ್ಟೇ.

ಸರಿ, ಸರಿಯಾದ ರೀತಿಯಲ್ಲಿ ಮಾಡೋಕೆ ಏನೇನು ಬೇಕು?

ನೀರಿನಲ್ಲಿ ನೆನೆಸಿ ಉಜ್ಜುವ ವಾಟರ್ ಪೇಪರ್, ಒಳ್ಳೆ ಮಾಸ್ಕಿಂಗ್ ಟೇಪ್, ನೀರು ಚಿಮುಕಿಸುವ ಬಾಟಲಿ, ಕಾರು ತೊಳೆಯುವ ಶಾಂಪೂ, ಪ್ಲಾಸ್ಟಿಕ್ ಪಾಲಿಶ್ ಅಥವಾ ನಯವಾದ ರಬ್ಬಿಂಗ್ ಕಾಂಪೌಂಡ್, ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಕೊನೆಗೆ ಯುವಿ ತಡೆಯುವ ಕೋಟಿಂಗ್. ಪೇಪರ್ ಸುತ್ತಿಕೊಳ್ಳಲು ಒಂದು ಸಣ್ಣ ಸ್ಪಂಜಿನ ತುಂಡು ಇದ್ದರೆ ಒಳ್ಳೆಯದು. ಬರೀ ಬೆರಳಿನಲ್ಲಿ ಒತ್ತಿದರೆ ಬೆರಳಿನ ಸಾಲುಗಳೇ ಗ್ಲಾಸ್ ಮೇಲೆ ಮೂಡುತ್ತವೆ.

ರೆಡಿ ಕಿಟ್ ತೆಗೆದುಕೊಂಡರೂ ಆಗುತ್ತದೆ. ಆದರೆ ಕೊಳ್ಳುವ ಮುಂಚೆ ಒಳಗೆ ಯುವಿ ಕೋಟಿಂಗ್ ಇದೆಯಾ ಅಂತ ನೋಡಿ. ಬರೀ ಪಾಲಿಶ್ ಇರುವ ಕಿಟ್ ಅರ್ಧ ಕಿಟ್.

ಯಾವ ನಂಬರ್ ಪೇಪರ್‌ನಿಂದ ಶುರು ಮಾಡಲಿ?

ನಂಬರ್ ಕಡಿಮೆ ಇದ್ದಷ್ಟೂ ಪೇಪರ್ ಒರಟು. ಸ್ವಲ್ಪ ಮಬ್ಬಾಗಿದ್ದರೆ 1500 ಅಥವಾ 2000 ಸಾಕು. ಸರಿಯಾಗಿ ಹಳದಿಯಾಗಿದ್ದರೆ 800ರಿಂದ ಶುರು ಮಾಡಿ 1000, 1500, 2000, 3000 ಅಂತ ಹತ್ತುತ್ತಾ ಹೋಗಿ. ಕೋಟಿಂಗ್ ಚಕ್ಕೆ ಎದ್ದು ಅರ್ಧ ಹೋಗಿ ಅರ್ಧ ಉಳಿದಿದ್ದರೆ 400 ಅಥವಾ 600 ಬೇಕಾಗುತ್ತದೆ.

ಭಯಕ್ಕೆ 2000ದಿಂದ ಶುರು ಮಾಡಿ ಒಂದು ಗಂಟೆ ಉಜ್ಜಿ ಕೈ ನೋಯಿಸಿಕೊಳ್ಳುವವರೇ ಜಾಸ್ತಿ. ಹಳೇ ಕೋಟಿಂಗ್ ಗಟ್ಟಿ, ನಯವಾದ ಪೇಪರ್ ಅದರ ಮೇಲೆ ಜಾರುತ್ತದೆ. ಒರಟು ಪೇಪರಿಗೆ ಹೆದರಬೇಡಿ, ನಡುವೆ ನಂಬರ್ ಹಾರಿಸುವುದಕ್ಕೆ ಹೆದರಿ. 600 ಆದ ಮೇಲೆ ನೇರ 2000ಕ್ಕೆ ಹೋದರೆ 600ರ ಗೀರುಗಳು ಹಾಗೇ ಉಳಿದು, ಎಲ್ಲ ಮುಗಿದ ಮೇಲೆ ಲೈಟ್ ಹಾಕಿದಾಗ ಕಾಣುತ್ತವೆ.

ಉಜ್ಜುವ ಕ್ರಮ ಹೇಳಿ, ಬಿಡಿಸಿ ಹೇಳಿ.

ನೆರಳಿನಲ್ಲಿ ಮಾಡಿ, ಗ್ಲಾಸ್ ತಣ್ಣಗಿರಲಿ. ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ, ಒಂದು ಮರಳಿನ ಕಣ ಉಳಿದರೂ ಪೇಪರಿನ ಕೆಳಗೆ ಸಿಕ್ಕಿ ಉದ್ದಕ್ಕೆ ಗೀರುತ್ತದೆ. ಆಮೇಲೆ ಸುತ್ತ ಬಾನೆಟ್, ಬಂಪರ್, ಫೆಂಡರ್ ಅಂಚಿಗೆ ಟೇಪ್ ಅಂಟಿಸಿ, ಎರಡು ಮೂರು ಪದರ. ಪೇಪರ್ ಒಂದು ಪದರ ಟೇಪನ್ನು ಕೆಲವೇ ಉಜ್ಜಿಗೆ ಹರಿಯುತ್ತದೆ, ಅದರ ಕೆಳಗೆ ನಿಮ್ಮ ಕಾರಿನ ಪೇಂಟ್ ಇದೆ. ಬಾನೆಟ್ ಎತ್ತಿಟ್ಟುಕೊಂಡರೆ ಮೇಲಿನ ಅಂಚಿಗೂ ಕೈ ಹೋಗುತ್ತದೆ.

ಪೇಪರನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆಸಿಡಿ, ನೀರಿಗೆ ಎರಡು ಹನಿ ಶಾಂಪೂ. ಗ್ಲಾಸ್ ಮೇಲೆ ನೀರು ಹೊಡೆದು, ಹಗುರವಾಗಿ, ಅಡ್ಡಡ್ಡ ಒಂದೇ ದಿಕ್ಕಿನಲ್ಲಿ ಉಜ್ಜಿ. ಗೋಲ ಗೋಲ ಬೇಡ. ಮೊದಲ ನಿಮಿಷದಲ್ಲೇ ಹಳದಿ ಕಲಸಿದ ಹಾಲಿನಂಥ ನೀರು ಕೆಳಗೆ ಇಳಿಯುತ್ತದೆ. ಅದು ಹಳೇ ಕೋಟಿಂಗ್ ಮತ್ತು ಸುಟ್ಟ ಪ್ಲಾಸ್ಟಿಕ್. ಆಗಾಗ ಒರೆಸಿ, ನೀರು ಹೊಡೆದು, ಮುಂದುವರಿಸಿ. ಹಳದಿ ಹೋಗಿ ಇಳಿಯುವ ನೀರು ಬೆಳ್ಳಗೆ ಆಗುವವರೆಗೆ ಮೊದಲ ಪೇಪರನ್ನು ಬಿಡಬೇಡಿ.

ಈಗ ಪೂರ್ತಿ ಒಣಗಿಸಿ ಓರೆಯಾಗಿ ನೋಡಿ. ಎಲ್ಲೆಲ್ಲೋ ಮಿರುಗುವ ದ್ವೀಪಗಳು ಕಾಣುತ್ತವಲ್ಲ, ಸುತ್ತ ಮಸುಕು, ನಡುವೆ ಹೊಳಪು, ಅಂಚಿನಲ್ಲಿ ಸಣ್ಣ ಮೆಟ್ಟಿಲು? ಅದು ಇನ್ನೂ ಉಳಿದಿರುವ ಹಳೇ ಕೋಟಿಂಗ್. ಹೊಳೆಯುತ್ತಿದೆ ಅಂತ ಅದನ್ನು ಹಾಗೇ ಬಿಟ್ಟರೆ ಹೊಸ ಕೋಟಿಂಗ್ ಹಾಕಿದ ಮೇಲೆ ಆ ಮೆಟ್ಟಿಲು ಶಾಶ್ವತವಾಗಿ ಕಾಣುತ್ತದೆ. ಇಡೀ ಗ್ಲಾಸ್ ಒಂದೇ ಸಮ ಮಸುಕಾಗುವವರೆಗೆ ಉಜ್ಜಿ. ಮೂಲೆಗಳಲ್ಲಿ ಇದು ತಡವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲೇ.

ಮುಂದಿನ ಪೇಪರ್ ತೆಗೆದುಕೊಂಡಾಗ ದಿಕ್ಕು ಬದಲಿಸಿ. ಮೊದಲು ಅಡ್ಡಡ್ಡ ಉಜ್ಜಿದ್ದರೆ ಈಗ ಉದ್ದುದ್ದ. ಹಿಂದಿನ ಅಡ್ಡ ಗೀರು ಪೂರ್ತಿ ಮಾಯವಾದರೆ ಆ ನಂಬರಿನ ಕೆಲಸ ಮುಗಿಯಿತು ಅಂತ ಲೆಕ್ಕ. ಪ್ರತಿ ಸಲ ಬದಲಿಸುವಾಗ ಗ್ಲಾಸ್, ಸ್ಪಂಜು, ಕೈ ಎಲ್ಲ ತೊಳೆದುಕೊಳ್ಳಿ, ಹಳೇ ಪೇಪರಿನ ಕಣ ಜೊತೆಗೆ ಬರಬಾರದು.

ಅಯ್ಯೋ, ಉಜ್ಜಿದ ಮೇಲೆ ಮುಂಚಿಗಿಂತ ಮಂಕಾಗಿದೆ! ಹಾಳು ಮಾಡಿಬಿಟ್ಟೆನಾ?

ಇಲ್ಲ. ಹಾಗೇ ಕಾಣಬೇಕು. 800 ಆದ ಮೇಲೆ ಬಾತ್‌ರೂಮಿನ ಮಸುಕು ಗಾಜಿನಂತೆ ಬೆಳ್ಳಗಿರುತ್ತದೆ. 2000, 3000ಕ್ಕೆ ಬರುವಾಗ ತಾನಾಗಿ ತಿಳಿಯಾಗುತ್ತದೆ. ಅನುಮಾನ ಇದ್ದರೆ ನೀರು ಹೊಡೆದು ನೋಡಿ, ಮುಗಿದಾಗ ಸುಮಾರು ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ.

ಪಾಲಿಶ್ ಮಾಡೋಕೆ ಡ್ರಿಲ್ ಬೇಕೇ ಬೇಕಾ?

ಬೇಡ, ಕೈಯಲ್ಲೂ ಆಗುತ್ತದೆ, ಹೊತ್ತು ಹಿಡಿಯುತ್ತದೆ. ಡ್ರಿಲ್‌ಗೆ ಫೋಮ್ ಪ್ಯಾಡ್ ಹಾಕಿದರೆ ಸುಲಭ, ಆದರೆ ವೇಗ ಕಡಿಮೆ ಇರಲಿ, ಪ್ಯಾಡ್ ಒಂದೇ ಕಡೆ ನಿಲ್ಲದಿರಲಿ, ಕಾಂಪೌಂಡ್ ಒಣಗದಿರಲಿ. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಸುಟ್ಟ ಗುರುತು ಬೀಳುತ್ತದೆ. ಆಗಾಗ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಸರಿ, ಬಿಸಿ ಅನ್ನಿಸಿದರೆ ನಿಲ್ಲಿಸಿ.

ಕೋಟಿಂಗ್ ಹಾಕಲೇಬೇಕಾ? ಈಗಲೇ ಹೊಸದರ ಹಾಗೆ ಕಾಣ್ತಿದೆಯಲ್ಲ.

ಹಾಕಲೇಬೇಕು. ಈಗ ನಿಮ್ಮ ಮುಂದಿರುವುದು ರಕ್ಷಣೆ ಇಲ್ಲದ ಬರೀ ಪ್ಲಾಸ್ಟಿಕ್. ಫ್ಯಾಕ್ಟರಿ ಕೋಟಿಂಗನ್ನು ನಿಮ್ಮ ಕೈಯಾರೆ ತೆಗೆದಿದ್ದೀರಿ. ಹೀಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಈ ಸಲ ಮುಂಚಿಗಿಂತ ಬೇಗ. "ಮನೆಯಲ್ಲಿ ಮಾಡಿದ್ದು ನಿಲ್ಲಲ್ಲ" ಅಂತ ಹೇಳುವವರನ್ನು ಕೋಟಿಂಗ್ ಏನು ಹಾಕಿದಿರಿ ಅಂತ ಕೇಳಿ ನೋಡಿ. ಹೆಚ್ಚಿನವರು ಹಾಕಿರುವುದಿಲ್ಲ.

ಆಯ್ಕೆ ಹಲವು. ಬಟ್ಟೆಯಲ್ಲಿ ಸವರುವ ಯುವಿ ಕೋಟಿಂಗ್ ಎಲ್ಲಕ್ಕಿಂತ ಸುಲಭ: ಒಂದೇ ದಿಕ್ಕಿನಲ್ಲಿ ಒಂದು ಸಲ ಸವರಿ ಕೈ ತೆಗೆಯಬೇಕು, ಹಿಂದೆ ಹೋಗಿ ತಿದ್ದಲು ನೋಡಿದರೆ ಗೆರೆ ಬೀಳುತ್ತದೆ. ಡಬ್ಬಿಯಲ್ಲಿ ಬರುವ ಯುವಿ ಕ್ಲಿಯರ್ ಸ್ಪ್ರೇ ಅದಕ್ಕಿಂತ ಸಮನಾಗಿ ಕೂರುತ್ತದೆ, ತೆಳುವಾಗಿ ಎರಡು ಮೂರು ಕೋಟ್ ಹೊಡೆಯಿರಿ, ದಪ್ಪ ಹೊಡೆದರೆ ಸೋರುತ್ತದೆ. ಗಟ್ಟಿತನ ಬೇಕು ಅಂದರೆ ಗಟ್ಟಿಕಾರಕ ಬೆರೆಸುವ 2ಕೆ ಕ್ಲಿಯರ್ ಕೋಟ್. ಬಾಳಿಕೆಯಲ್ಲಿ ನನ್ನ ಮತ ಅದಕ್ಕೇ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ, ಆಸ್ತಮಾ ಬರಬಹುದು. ಸಾದಾ ಬಟ್ಟೆ ಮಾಸ್ಕ್ ಉಪಯೋಗಕ್ಕಿಲ್ಲ. ಡಬ್ಬಿ ಮೇಲೆ ಹೇಳಿದ ಸರಿಯಾದ ರೆಸ್ಪಿರೇಟರ್ (ಆವಿ ಸೋಸುವ ಮಾಸ್ಕ್), ಕೈಗವಸು, ಕನ್ನಡಕ, ತೆರೆದ ಜಾಗ, ಇದೆಲ್ಲ ಇಲ್ಲದಿದ್ದರೆ ದಯವಿಟ್ಟು ಅದರ ಗೊಡವೆಗೆ ಹೋಗಬೇಡಿ. ಸವರುವ ಕೋಟಿಂಗೇ ಸಾಕು.

ಪೇಂಟ್ ರಕ್ಷಣೆಗೆ ಅಂಟಿಸುವ ಪಾರದರ್ಶಕ ಫಿಲ್ಮನ್ನು ಹೆಡ್‌ಲೈಟಿಗೂ ಅಂಟಿಸಬಹುದು. ಬಣ್ಣದ ಫಿಲ್ಮ್ ಬೇಡ, ಇಷ್ಟು ಕಷ್ಟಪಟ್ಟು ವಾಪಸ್ ತಂದ ಬೆಳಕನ್ನು ಅದೇ ತಿಂದುಹಾಕುತ್ತದೆ.

ಸ್ಪ್ರೇ ಹೊಡೆಯೋದಾದ್ರೆ 3000ವರೆಗೆ ಉಜ್ಜಿ ಪಾಲಿಶ್ ಮಾಡಬೇಕಾ?

ಬೇಡ. ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಸ್ಪ್ರೇ ಅಂಟಿಕೊಳ್ಳಲು ಮೇಲ್ಮೈಗೆ ಸ್ವಲ್ಪ ಹಿಡಿತ ಬೇಕು. 1000 ಅಥವಾ 1500ಕ್ಕೆ ನಿಲ್ಲಿಸಿ, ಪಾಲಿಶ್ ಮುಟ್ಟಬೇಡಿ. ಆ ಸಣ್ಣ ಗೀರುಗಳನ್ನು ಕ್ಲಿಯರ್ ಕೋಟೇ ತುಂಬಿ ತಿಳಿ ಮಾಡುತ್ತದೆ. ಸವರುವ ಬಗೆಯದಾದರೆ ತೆಳು ಪದರ, ಅಷ್ಟು ತುಂಬುವ ಶಕ್ತಿ ಇಲ್ಲ, ಅದಕ್ಕೆ 2000 ಅಥವಾ 3000ವರೆಗೆ ಹೋಗಿ. ಎಲ್ಲಕ್ಕಿಂತ ಮೇಲೆ ಡಬ್ಬಿಯ ಹಿಂದೆ ಬರೆದದ್ದನ್ನು ಓದಿ, ಕೆಲವು ತಯಾರಕರು ನಂಬರನ್ನೇ ಹೇಳಿರುತ್ತಾರೆ.

ಯಾವುದೇ ಬಗೆಯಾದರೂ ಹಾಕುವ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಇದ್ದ ಕಡೆ ಕೋಟಿಂಗ್ ಹಿಡಿಯುವುದಿಲ್ಲ. ಗಾಳಿ, ಧೂಳು, ಮಳೆ ಇಲ್ಲದ ದಿನ ನೋಡಿಕೊಳ್ಳಿ, ಒಂದು ದಿನ ನೀರು ಬೀಳದಂತೆ ಇಡಿ.

ಕೋಟಿಂಗ್ ಬದಲು ವ್ಯಾಕ್ಸ್ ಹಚ್ಚಿದರೆ?

ಬೇಗ ತೊಳೆದು ಹೋಗುತ್ತದೆ. ಕೋಟಿಂಗ್ ಮೇಲೆ ಹಚ್ಚಿ, ಅದರ ಬದಲಿಗಲ್ಲ.

ಸಣ್ಣ ಕಪ್‌ನಿಂದ ಬಿಸಿ ಹಬೆ ಬಿಟ್ಟು ಕ್ಷಣದಲ್ಲಿ ತಿಳಿ ಮಾಡುವ ಕಿಟ್ ಹೇಗೆ?

ಅದರೊಳಗೆ ಕಾಯಿಸುವುದು ಪ್ಲಾಸ್ಟಿಕ್ ಕರಗಿಸುವ ದ್ರಾವಕ, ಕೆಲವದರಲ್ಲಿ ಕ್ಲೋರೋಫಾರ್ಮ್ ಅಥವಾ ಅದರ ಜಾತಿಯದ್ದು. ಆ ಆವಿ ಉಸಿರಾಡುವಂಥದ್ದಲ್ಲ. ಗ್ಲಾಸ್ ಹೊಳೆಯುವುದು ನಿಜ, ಆದರೆ ದ್ರಾವಕ ಒಳಗೆ ಇಳಿದು ಆಮೇಲೆ ಬಿರುಕು ಬಿಡಬಹುದು, ಯುವಿ ರಕ್ಷಣೆಯೂ ಸಿಗುವುದಿಲ್ಲ. ಮನೆಯಲ್ಲಿ ಬೇಡ.

ಬಿರುಕು, ಆಳವಾದ ಗೀರು, ಕಲ್ಲೇಟು ಹೋಗುತ್ತಾ?

ಉಗುರು ಸಿಕ್ಕಿಕೊಳ್ಳದ ಗೀರು ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗುವವರೆಗೆ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ, ಹಾಗಾಗಿ ಬಿಟ್ಟುಬಿಡಿ. ಕಲ್ಲೇಟಿನ ಚುಕ್ಕೆಯಿಂದ ಬೆಳಕಿಗೆ ಅಂಥ ನಷ್ಟ ಇಲ್ಲ. ಪ್ಲಾಸ್ಟಿಕ್ಕಿನ ಒಳಗೇ ಕಾಣುವ ಕೂದಲೆಳೆ ಬಿರುಕಿಗೆ ಮದ್ದಿಲ್ಲ. ಆರಪಾರ ಒಡೆದಿದ್ದರೆ ಗ್ಲಾಸ್ ಬದಲಾಯಿಸಿ.

ಒಂದೇ ಕಡೆಯದು ಹಾಳಾಗಿದೆ, ಒಂದನ್ನೇ ಮಾಡಲಾ?

ಎರಡನ್ನೂ ಮಾಡಿ. ಇಲ್ಲದಿದ್ದರೆ ಎರಡು ಬಗೆಯ ಬೆಳಕು ಬೀಳುತ್ತದೆ, ಇನ್ನೊಂದೂ ಹೇಗಿದ್ದರೂ ಅದೇ ದಾರಿಯಲ್ಲಿದೆ.

ಗ್ಲಾಸ್ ತಿಳಿಯಾಯ್ತು, ಆದ್ರೂ ಬೆಳಕು ಸಾಲುತ್ತಿಲ್ಲ.

ಹಾಗಾದರೆ ಹಿಂದೆ ನೋಡಿ. ಹ್ಯಾಲೊಜೆನ್ ಬಲ್ಬು ಉರಿಯುತ್ತಾ ಉರಿಯುತ್ತಾ ಮಂದವಾಗುತ್ತದೆ, ಹಳೇದಾದರೆ ಜೋಡಿಯಾಗಿ ಬದಲಾಯಿಸಿ. ಒಳಗಿನ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಬಲ್ಬಿನ ಶಾಖಕ್ಕೆ ಕಪ್ಪಾಗಿರಬಹುದು, ಅದಕ್ಕೆ ಪಾಲಿಶ್ ಕೆಲಸಕ್ಕೆ ಬರುವುದಿಲ್ಲ, ಬಟ್ಟೆ ತಾಗಿದರೂ ಬಣ್ಣ ಎದ್ದು ಬರುತ್ತದೆ. ಇನ್ನು ಬೆಳಕು ಬೀಳುವ ಎತ್ತರ. ಗ್ಲಾಸ್ ಮಂಕಾಗಿದ್ದಾಗ ಯಾರಾದರೂ ಲೈಟನ್ನು ಮೇಲಕ್ಕೆ ತಿರುಗಿಸಿದ್ದರೆ, ಈಗ ಅದು ನೇರವಾಗಿ ಎದುರಿನವರ ಮುಖಕ್ಕೆ ಹೊಡೆಯುತ್ತದೆ. ಸಮ ನೆಲದಲ್ಲಿ ಗೋಡೆಗೆ ಬಿಟ್ಟು ನೋಡಿ ಸರಿ ಮಾಡಿಸಿ.

ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರ್ ಒಳಗೆ ಎಲ್ಇಡಿ ಬಲ್ಬು ತುರುಕಬೇಡಿ. ಬೆಳಕು ಹೊರಡುವ ಜಾಗ ಬೇರೆಯಾಗುವುದರಿಂದ ಹರಡಿ ಕಣ್ಣು ಕುಕ್ಕುತ್ತದೆ.

ಹಿಂದಿನ ಕೆಂಪು ಲೈಟ್, ಬೈಕಿನ ಹೆಡ್‌ಲೈಟ್‌ಗೂ ಇದೇ ವಿಧಾನಾನಾ?

ಬೈಕಿನದ್ದು ಪ್ಲಾಸ್ಟಿಕ್ ಆಗಿದ್ದರೆ ಇದೇ. ಹಿಂದಿನ ಲೈಟ್ ಹೆಚ್ಚಾಗಿ ಅಕ್ರಿಲಿಕ್, ಅದು ಅಷ್ಟು ಹಳದಿಯಾಗುವುದಿಲ್ಲ, ನಯವಾದ ಪೇಪರ್ ಮತ್ತು ಪಾಲಿಶ್ ಸಾಕು. ಆಲ್ಕೋಹಾಲ್ ಮಾತ್ರ ಅಲ್ಲಿ ಬೇಡ, ಅಕ್ರಿಲಿಕ್‌ಗೆ ಅದರಿಂದ ಬಿರುಕು ಬರುತ್ತದೆ. ಸೋಪಿನ ನೀರಿನಲ್ಲೇ ಒರೆಸಿ.

ಎಷ್ಟು ದಿನ ಬಾಳುತ್ತೆ? ಮತ್ತೆ ಮಂಕಾಗದಂತೆ ಏನು ಮಾಡಲಿ?

ಒಳ್ಳೆ ಕೋಟಿಂಗ್ ಹಾಕಿದರೆ ಒಂದರಿಂದ ಮೂರು ವರ್ಷ ಅಂತ ಇಟ್ಟುಕೊಳ್ಳಿ. ಕಾರು ಇಡೀ ದಿನ ಬಿಸಿಲಲ್ಲಿ ನಿಲ್ಲುತ್ತದೆಯೋ ನೆರಳಿನಲ್ಲೋ ಅನ್ನುವುದರ ಮೇಲೆ ಹೆಚ್ಚಿನದು ನಿಂತಿದೆ. ಹೊರಗೆ ನಿಲ್ಲಿಸುವುದಾದರೆ ಮೂತಿ ನೆರಳಿನ ಕಡೆ ಇರಲಿ. ಒಣ ಬಟ್ಟೆಯಲ್ಲಿ ಧೂಳು ಒರೆಸಬೇಡಿ, ನೀರು ಹಾಕಿ ತೊಳೆಯಿರಿ. ಅಂಟಿದ ಹುಳ, ಹಕ್ಕಿ ಹಿಕ್ಕೆ ಒಣಗಲು ಬಿಡಬೇಡಿ. ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ.

ಮೇಲ್ಭಾಗದಲ್ಲಿ ತೆಳುವಾಗಿ ಮಬ್ಬು ಶುರುವಾದ ಕೂಡಲೇ 2000 ನಂಬರ್ ಪೇಪರ್ ಹಗುರವಾಗಿ ಆಡಿಸಿ ಕೋಟಿಂಗ್ ಮತ್ತೆ ಸವರಿ. ಹಳದಿಯಾಗುವವರೆಗೆ ಕಾದರೆ ಮತ್ತೆ 800ರಿಂದ ಶುರು ಮಾಡಬೇಕಾಗುತ್ತದೆ.

ಉಜ್ಜುವುದು ಬಿಟ್ಟು ಹೊಸದನ್ನೇ ಹಾಕಿಸೋದು ಯಾವಾಗ?

ಒಳಗೆ ನೀರು ನಿಂತು ರಿಫ್ಲೆಕ್ಟರ್ ಹಾಳಾಗಿದ್ದರೆ, ಒಳಬಿರುಕು ತುಂಬಿದ್ದರೆ, ಕ್ಲಿಪ್ಪು ಮುರಿದು ಲೈಟ್ ಅಲ್ಲಾಡುತ್ತಿದ್ದರೆ ಹೊಸದು ಹಾಕಿಸಿ. ಕಡಿಮೆ ದುಡ್ಡಿನ ಬದಲಿ ಲೈಟುಗಳಲ್ಲಿ ಕೋಟಿಂಗ್ ಚೆನ್ನಾಗಿರುವುದಿಲ್ಲ, ಬೆಳಕು ಬೀಳುವ ರೀತಿಯೂ ಕಂಪನಿಯದ್ದರಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಹಾಗಾಗಿ ಹೊರಗಿನ ಮಂಕು ಮಾತ್ರ ಇದ್ದರೆ ಕಂಪನಿಯ ಹಳೇದನ್ನೇ ಉಜ್ಜಿ ಇಟ್ಟುಕೊಳ್ಳಿ. ಬದಲಿ ಲೈಟನ್ನೇ ಹಾಕಿಸಿದರೆ, ಹೊಸದಿರುವಾಗಲೇ ಅದರ ಮೇಲೆ ಪಾರದರ್ಶಕ ಫಿಲ್ಮ್ ಅಂಟಿಸಿಬಿಡಿ.